ಹ್ಯಾಡ್ರೆಲ್ ಗೆದ್ದ ಚೆಂಡು

ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಲೈಮನ್ ಪೆಲ್ಕಿಗೆ ತನ್ನ ಬಲಗೈಯ ಮೇಲೆಯೇ ಸಿಟ್ಟು ಬಂತು. ಎಪ್ಪತ್ನಾಲ್ಕು ವರ್ಷದ ಕೈ, ಇವತ್ತಾದರೂ ಒಂಚೂರು ನಡುಗಬಾರದೇ? ನಡುಗಿದ್ದರೆ ಮೈ ಸರಿಯಿಲ್ಲ ಅಂತ ಹೇಳಿ ಮತ್ತೆ ಹಾಸಿಗೆ ಸೇರಬಹುದಿತ್ತು. ಕತ್ತಿ ಅಳತೆಗೋಲು ಹಿಡಿದ ಹಾಗೆ ನೇರವಾಗಿ ಕೆನ್ನೆಯಿಂದಿಳಿಯಿತು. ನಲವತ್ತು ವರ್ಷ ಹ್ಯಾಡ್ರೆಲ್ ಊರಿನ ಬೋರ್ಡುಗಳನ್ನೆಲ್ಲ ಬರೆದ ಕೈ ಇದು. ಕಬ್ಬಿಣದ ಸಾಮಾನಿನ ಅಂಗಡಿ, ಕ್ಷೌರದ ಅಂಗಡಿ, ಚರ್ಚಿನ ಮುಂದೆ ಪ್ರಾರ್ಥನೆಯ ವೇಳೆ ತಿಳಿಸುವ ಹಲಗೆ, ಬೆಂಕಿ ಆರಿಸುವ ಬಂಡಿಯ ಕೆಂಪು ಬಾಗಿಲು. ಹ್ಯಾಡ್ರೆಲ್‌ನಲ್ಲಿ ಪೆಲ್ಕಿ ಬರೆಯದ ಅಕ್ಷರ ಇದ್ದರೆ ಅದು ಗೋರಿಕಲ್ಲಿನ ಮೇಲೆ ಮಾತ್ರ. ಮೂವತ್ತೆರಡು ವರ್ಷದ ಹಿಂದೆ ಒಂದು ಅಕ್ಟೋಬರ್ ಮಧ್ಯಾಹ್ನ, ಹೆಂಡತಿ ಅರ್ಲೀನ್ ತನ್ನ ತಂಗಿಯ ಮನೆಗೆ ಹೋಗಿದ್ದಾಗ, ಅಡಿಗೆಮನೆಯ ಪರದೆ ಎಳೆದು ಇದೇ ಕೈ ಒಂದು ಹಳೇ ಬೇಸ್‌ಬಾಲ್ ಚೆಂಡಿನ ಮೇಲೆ ಚಿನ್ನದ ಬಣ್ಣದಲ್ಲಿ ನಾಲ್ಕು ಸಾಲು ಬರೆದಿತ್ತು. ಹ್ಯಾಡ್ರೆಲ್ ಕ್ಲಬ್. ವೆಸ್ಟ್ ಕಾರ್ನಿ ಮೇಲೆ ಜಯ. ಆಗಸ್ಟ್ 15, 1868. ಕೆಳಗೆ 42–37. ಆ ಚೆಂಡನ್ನು ಊರು ಇವತ್ತಿಗೂ ತಲೆ ಮೇಲೆ ಹೊತ್ತು ಮೆರೆಸುತ್ತಿದೆ. ಆ ಅಕ್ಷರಗಳು ಹಳೆಯವಲ್ಲ ಅಂತ ಗೊತ್ತಿರುವುದು ತನಗೊಬ್ಬನಿಗೇ ಎಂದು ಲೈಮನ್ ನಂಬಿದ್ದ. ಇವತ್ತು ಊಟದ ಹೊತ್ತಿಗೆ ಮ್ಯೂಸಿಯಮ್ಮಿನಿಂದ ನಯೋಮಿ ಸ್ಟ್ರಾಡ್ ಎಂಬಾಕೆ ಲೆನ್ಸು ಹಿಡಿದುಕೊಂಡು ಬರುತ್ತಾಳೆ. ನೋಡಿದ ಕೂಡಲೇ ಅವಳಿಗೆ ತಿಳಿಯುತ್ತದೆ. ಅವನು ಕೆನ್ನೆಯ ಸೋಪು ಒರೆಸಿಕೊಂಡ.

"ಎಷ್ಟು ಹೊತ್ತು ಆ ಕನ್ನಡಿ ಮುಂದೆ? ಮದುವೆ ದಿನಾನೂ ನೀನು ಇಷ್ಟು ನೀಟಾಗಿ ಹೆರಕೊಂಡಿರ್ಲಿಲ್ಲ," ಎಂದಳು ಅರ್ಲೀನ್ ಕೆಳಗಿನಿಂದ.

"ಮದುವೆ ದಿನ ಮ್ಯೂಸಿಯಂನವರು ಬಂದಿರ್ಲಿಲ್ಲ."

"ಬಂದಿದ್ರೆ ಚೆನ್ನಾಗಿತ್ತು. ನಿನ್ನನ್ನೇ ಎತ್ತಿ ಗಾಜಿನ ಪೆಟ್ಟಿಗೇಲಿ ಇಡೋರು, ನಾನು ತಪ್ಪಿಸ್ಕೊಳ್ತಿದ್ದೆ."

ಅವಳ ನಗು ಮೆಟ್ಟಿಲೇರಿ ಬಂತು. ಐವತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಹೇಳದೆ ಉಳಿಸಿಕೊಂಡದ್ದು ಎಂದರೆ ಈ ಒಂದು ಸಂಗತಿ. ಎಷ್ಟೋ ಸಲ ಬಾಯಿಗೆ ಬಂದದ್ದನ್ನು ನುಂಗಿದ್ದಾನೆ. ಕಾಫಿ ಕುಡಿಯುವಾಗ, ಕಾರಿನಲ್ಲಿ ಅವಳ ತಾಯಿಯ ಮಣ್ಣಿಗೆ ಹೋಗುವಾಗ ಕೂಡ. ಅಂಥ ಹೊತ್ತಿನಲ್ಲಿ ಚೆಂಡಿನ ಮಾತೆತ್ತಿದರೆ ಹೆಂಡತಿ ಏನಂದಾಳು ಅಂತ ಸುಮ್ಮನಾದ. ಹಾಗೆ ಸುಮ್ಮನಾಗುತ್ತ ಆಗುತ್ತ ಮೂವತ್ತೆರಡು ವರ್ಷವಾಯಿತು, ಈಗ ಹೇಳಿದರೆ ಚೆಂಡಿನ ಸುಳ್ಳಿಗಿಂತ ಈ ಸುಮ್ಮನಿರುವಿಕೆಯೇ ದೊಡ್ಡ ತಪ್ಪಾಗಿ ಕಾಣುತ್ತದೆ. ಅವನು ಅಂಗಿ ಹಾಕಿಕೊಂಡು ಪಕ್ಕದ ಕೋಣೆಗೆ ಹೋದ.

ಈ ಕೋಣೆಗೆ ಬಂದರೆ ಅವನಿಗೆ ಯಾವತ್ತೂ ಖುಷಿಯೇ. ಇವತ್ತೂ ಬಾಗಿಲು ತೆಗೆದ ಕೂಡಲೇ ಆ ಹಳೇ ಚರ್ಮದ, ಹಳೇ ಕಾಗದದ ವಾಸನೆಗೆ ಮುಖ ತಾನಾಗಿ ಅರಳಿತು. ಅದಕ್ಕವನಿಗೆ ಸ್ವಲ್ಪ ನಾಚಿಕೆಯೂ ಆಯಿತು. ಗೋಡೆಯ ಮೇಲೆ ತಗಡಿನ ಫೋಟೋ: ಒಂಬತ್ತು ಜನ ಮೀಸೆಯವರು, ಎಂಟು ಜನ ಕಲ್ಲಿನ ಹಾಗೆ ನಿಂತಿದ್ದಾರೆ, ಒಂಬತ್ತನೆಯವನು ತಡೆಯಲಾರದೆ ಅಲುಗಿ ಮುಖವೇ ಇಲ್ಲದೆ ಮಸಕಾಗಿದ್ದಾನೆ. ಲೈಮನ್‌ಗೆ ಎಲ್ಲರಿಗಿಂತ ಇಷ್ಟ ಆ ಒಂಬತ್ತನೆಯವನೇ. ಕಪಾಟಿನಲ್ಲಿ ಒಬ್ಬ ಚಮ್ಮಾರ ಬರೆದಿಟ್ಟ ಆಟದ ಪುಸ್ತಕ. ಒಂದು ಕಡೆ ರನ್ನುಗಳು, ಅಂಚಿನಲ್ಲಿ ಯಾರ ಬೂಟಿನ ಹಿಮ್ಮಡಿ ಸವೆದಿದೆ ಎಂಬ ಟಿಪ್ಪಣಿ. ಸಿಗರೇಟು ಪೊಟ್ಟಣದೊಳಗೆ ಬರುತ್ತಿದ್ದ ಆಟಗಾರರ ಚೀಟಿಗಳು, ಯಾವನೋ ಜೇಬಿನಲ್ಲಿಟ್ಟು ಮಡಚಿ ಮಡಚಿ ಮೂಲೆ ದುಂಡಗಾದವು. ಬೇರೆ ಸಂಗ್ರಾಹಕರು ಮೂಲೆ ಚೂಪಾಗಿರುವುದಕ್ಕೆ ಜೀವ ಬಿಡುತ್ತಾರೆ. ಲೈಮನ್‌ಗೆ ದುಂಡು ಮೂಲೆಯೇ ಬೇಕು. ಯಾರಾದರೂ ಇದೆಲ್ಲ ಯಾತಕ್ಕೆ ಎಂದು ಕೇಳಿದರೆ ಅವನು ಒಂದೇ ಮಾತು ಹೇಳುತ್ತಿದ್ದ. ದೇಶದ ಅಂತರ್ಯುದ್ಧ ಮುಗಿದು ಮೂರು ವರ್ಷಕ್ಕೆ ಈ ಕಣಿವೆಯ ಗಂಡಸರು ಒಬ್ಬರಿಗೊಬ್ಬರು ಏನನ್ನೋ ಎಸೆದುಕೊಂಡರು, ಅದರಿಂದ ಯಾರೂ ಸಾಯಲಿಲ್ಲ. ಅದು ಹೇಗಿತ್ತು ಅಂತ ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸುವುದಿಲ್ಲವೇ? ಮರದ ಪೆಟ್ಟಿಗೆಯಿಂದ ಚೆಂಡನ್ನು ತೆಗೆದ. ಒಂದೇ ಚರ್ಮದ ತುಂಡನ್ನು ನಾಲ್ಕು ಎಸಳಾಗಿ ಕತ್ತರಿಸಿ ಸುತ್ತ ಮಡಚಿ ಕೈಯಲ್ಲಿ ಹೊಲಿದದ್ದು, ಸುಲಿದ ಕಿತ್ತಳೆಯ ಸಿಪ್ಪೆಯನ್ನು ಮತ್ತೆ ಮುಚ್ಚಿದ ಹಾಗೆ. ಅವನ ಅಂಗೈಗೆ ಅದು ತನ್ನ ಮನೆಗೆ ಬಂದ ಹಾಗೆ ಕೂತುಕೊಂಡಿತು.

ಇದನ್ನು ಕೊಟ್ಟವಳು ಮಿಸ್ ಟ್ರಿಫೀನಾ ಡೌ, ಎಂಬತ್ತೆರಡು ವರ್ಷದ ಮುದುಕಿ, ಮದುವೆಯಾದವಳಲ್ಲ. ಅವಳ ಟಪಾಲು ಪೆಟ್ಟಿಗೆಯ ಮೇಲೆ ಹೆಸರು ಬರೆದುಕೊಟ್ಟಿದ್ದಕ್ಕೆ ದುಡ್ಡು ಬೇಡ ಅಂದದ್ದಕ್ಕೆ ಅಟ್ಟದಿಂದ ಒಂದು ಹಳೇ ಬೂಟು ಇಳಿಸಿ ಅದರೊಳಗಿಂದ ತೆಗೆದುಕೊಟ್ಟಳು. "ನಮ್ಮಜ್ಜಂದು. ಅವ್ನೂ ಆಡಿದ್ದ, ಕಾರ್ನಿಯವರ ಎದುರಿಗೆ. ಯಾರಿಗೂ ತೋರಿಸ್ತಿರ್ಲಿಲ್ಲ ಕಣಪ್ಪಾ, ಕೇಳಿದ್ರೆ ಬಯ್ಯೋನು." ಲೈಮನ್ ಅವಳ ಅಂಗಳದಲ್ಲಿ ನಿಂತು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ನಾಲ್ಕು ಎಸಳೂ ಖಾಲಿ. ಒಂದಕ್ಷರ ಇಲ್ಲ. ಆಗಲೇ, ಆ ಒಂದು ನಿಮಿಷದಲ್ಲೇ, ಅವನಿಗೆ ಗೊತ್ತಾಗಿತ್ತು. ಈ ಜಿಲ್ಲೆಯಲ್ಲಿ ಆ ಕಾಲದ ಪದ್ಧತಿ ಅವನಷ್ಟು ತಿಳಿದವನು ಇನ್ನೊಬ್ಬನಿಲ್ಲ. ಆಟ ಮುಗಿದ ಮೇಲೆ ಸೋತವರು ಚೆಂಡನ್ನು ಗೆದ್ದವರ ಕೈಗೆ ಒಪ್ಪಿಸಿ ಮೂರು ಸಲ ಜಯಕಾರ ಹಾಕಬೇಕು. ಗೆದ್ದವರು ವಾರದೊಳಗೆ ಬೋರ್ಡು ಬರೆಯುವವನ ಹತ್ತಿರ ಅದರ ಮೇಲೆ ತಮ್ಮ ಹೆಸರು, ದಿನ, ರನ್ನು ಬರೆಸಿ ಮೆರೆಸಬೇಕು. ಗೆದ್ದ ಚೆಂಡು ಎಂದರೆ ಬರೆದ ಚೆಂಡು. ಬರೆಯದೆ ಬೂಟಿನೊಳಗೆ ಬಚ್ಚಿಟ್ಟ ಚೆಂಡು ಎಂದರೆ? ಸೋತೂ ಕೊಡದೆ ಬಂದ ಚೆಂಡು. ಆ ಪಂದ್ಯ ನಡೆದದ್ದಕ್ಕೆ ಉಳಿದಿರುವುದು ಒಂದು ಕರಪತ್ರ, ಅದರಲ್ಲಿ ದಿನಾಂಕವಿದೆ. ಯಾರು ಗೆದ್ದರು ಅಂತ ಹ್ಯಾಡ್ರೆಲ್ ಮತ್ತು ನೆರೆಯ ವೆಸ್ಟ್ ಕಾರ್ನಿ, ಎರಡೂ ಊರಿನವರು ಅಜ್ಜಂದಿರ ಕಾಲದಿಂದ ಜಗಳವಾಡುತ್ತಿದ್ದರು. ಲೈಮನ್‌ಗೆ ಉತ್ತರ ಸಿಕ್ಕಿತ್ತು, ಬೇಡವಾದ ಉತ್ತರ. ಮನೆಗೆ ತಂದು ಒಂದು ವಾರ ಅದನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದ. ಎಂಟನೆಯ ದಿನ ಪರದೆ ಎಳೆದ.

ಒಂದೂವರೆ ತಿಂಗಳು ಬಿಟ್ಟು ಅದನ್ನು ಊರಿಗೆ ತೋರಿಸಿದ. ತೋರಿಸುವಾಗ ಸುಳ್ಳು ಹೇಳಲಿಲ್ಲ; ಮಿಸ್ ಡೌ ಅವರ ಅಟ್ಟದಲ್ಲಿತ್ತು ಅಂದ, ಅಷ್ಟೇ. ಜನ ಓದಿಕೊಂಡರು. ಆ ಸಂಜೆ ಬೆಂಕಿ ಠಾಣೆಯವರು ಗಂಟೆ ಬಾರಿಸಿದ್ದರು. ಮಿಸ್ ಡೌ ಮಾತ್ರ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಚೆನ್ನಾಗಿದೆ," ಎಂದು ಮನೆಗೆ ಹೋದಳು. ಮುಂದಿನ ಚಳಿಗಾಲ ತೀರಿಕೊಂಡಳು. ಆ "ಚೆನ್ನಾಗಿದೆ" ಎಂಬ ಮಾತು ಇವತ್ತಿಗೂ ಅವನ ಕಿವಿ ಕೆಂಪು ಮಾಡುತ್ತದೆ.

"ಲೈಮನ್, ಟೋಪಿ!" ಎಂದು ಅರ್ಲೀನ್ ಕೂಗಿದಳು. ಅವನು ಚೆಂಡನ್ನು ಪೆಟ್ಟಿಗೆಗೆ ಹಾಕಿಕೊಂಡು ಉದ್ದನೆಯ ಕರಿಟೋಪಿ ಹಿಡಿದು ಇಳಿದ. ಆಗಸ್ಟಿನಲ್ಲಿ ವರ್ಷಕ್ಕೊಮ್ಮೆ ಎರಡು ಊರಿನವರು ಹಳೇ ಕಾಲದ ನಿಯಮದಲ್ಲೇ ಆಡುತ್ತಾರೆ. ಆ ಆಟಕ್ಕೆ ಇಪ್ಪತ್ತು ವರ್ಷದಿಂದ ಅವನೇ ಅಂಪೈರು.

ನದಿಯ ಪಕ್ಕದ ಮೈದಾನದಲ್ಲಿ, ತಂಬಾಕು ಒಣಗಿಸುವ ಉದ್ದನೆಯ ಕೊಟ್ಟಿಗೆಗಳ ಆಚೆ, ಆಗಲೇ ಜನ ಸೇರಿತ್ತು. ಬಿಸಿಲು ಚೆನ್ನಾಗಿತ್ತು. ಕೈಗವಸಿಲ್ಲ, ಚೆಂಡನ್ನು ಸೊಂಟದ ಕೆಳಗಿನಿಂದಲೇ ಎಸೆಯಬೇಕು, ನೆಲಕ್ಕೆ ಬಡಿದ ಚೆಂಡನ್ನು ಒಂದೇ ಪುಟಿತಕ್ಕೆ ಹಿಡಿದರೂ ಔಟು. ಹ್ಯಾಡ್ರೆಲ್ ತಂಡದ ನಾಯಕ ವೆಂಡೆಲ್ ಕ್ರೌಟ್, ಊರಿನ ಹಲ್ಲಿನ ಡಾಕ್ಟರು, ಐವತ್ತೈದರ ಹೊಟ್ಟೆಗೆ ಅಗಲ ಬೆಲ್ಟು ಬಿಗಿದು ಓಡಾಡುತ್ತಿದ್ದ. ಲೈಮನ್‌ನನ್ನು ಕೇಳದೆ ಮ್ಯೂಸಿಯಮ್ಮಿಗೆ ಕಾಗದ ಬರೆದವನು ಇವನೇ. "ಅಕ್ಕನ ಮದುವೆ ಮಾಡಿಸೋ ಹಾಗೆ ಮಾಡಿದೀನಿ ನೋಡು, ನಮ್ಮ ಚೆಂಡು ಇನ್ಮೇಲೆ ರಾಜಧಾನೀಲಿರುತ್ತೆ," ಎಂದು ಆವತ್ತು ಬೆನ್ನು ತಟ್ಟಿದ್ದ. ವೆಸ್ಟ್ ಕಾರ್ನಿಯ ಕಡೆ ಬರ್ನಾಡೆಟ್ ಕ್ವಿಲ್ ನಿಂತಿದ್ದಳು. ದನದ ಮೇವಿನ ಅಂಗಡಿಯ ಒಡತಿ, ಅರವತ್ತು ದಾಟಿದವಳು, ಅವರ ತಂಡದ ನಾಯಕಿ. ಅವಳ ಮುತ್ತಾತ 1868ರ ಪಂದ್ಯದಲ್ಲಿ ಚೆಂಡು ಎಸೆದವನು. ಪ್ರತಿ ವರ್ಷ ಅವಳು ಲೈಮನ್‌ನನ್ನು ಕಂಡ ಕೂಡಲೇ ಹೇಳುವ ಮಾತು ಒಂದೇ.

"ಏ ಪೆಲ್ಕಿ, ನಮ್ಮ ಚೆಂಡು ಹೇಗಿದೆಯೋ? ದಿನಾ ಧೂಳು ಒರೆಸ್ತೀಯ ತಾನೆ?"

"ನಿಮ್ಮ ಚೆಂಡು ಎಲ್ಲಿದೆಯೋ ಗೊತ್ತಿಲ್ಲಮ್ಮ. ನಮ್ಮದು ಚೆನ್ನಾಗಿದೆ," ಎಂಬುದು ಅವನ ಉತ್ತರ. ಇವತ್ತೂ ಅದನ್ನೇ ಅಂದ. ಆದರೆ "ನಮ್ಮದು" ಎನ್ನುವಾಗ ಟೋಪಿಯ ಅಂಚು ಸರಿಮಾಡಿಕೊಂಡ.

"ಮುಖ ಯಾಕೆ ಸುಣ್ಣ ಬಳಿದ ಹಾಗಾಗಿದೆ? ಟೋಪಿ ಭಾರ ಆಯ್ತಾ?" ಎಂದು ಬರ್ನಾಡೆಟ್ ನಕ್ಕಳು. "ಬಿಸಿಲಲ್ಲಿ ಬಿದ್ದುಬಿಟ್ಟೀಯ, ಆಮೇಲೆ ಕಾರ್ನಿಯವರು ಅಂಪೈರ್‌ನ ಹೊಡೆದ್ರು ಅಂತ ಚಿನ್ನದಲ್ಲಿ ಬರೆದಿಟ್ಕೊಳ್ತೀರ."

ಸುತ್ತ ನಿಂತವರೆಲ್ಲ ನಕ್ಕರು, ಅವನೂ ನಕ್ಕ. ಚಿನ್ನದಲ್ಲಿ ಅಂತ ಯಾಕೆ ಅಂದಳು? ಸುಮ್ಮನೆ ಅಂದಿರಬೇಕು. ಗೆರೆಯ ಪಕ್ಕದ ಕುರ್ಚಿಯಲ್ಲಿ ಕೂತು ಕಾಲಮೇಲೆ ಕಾಲು ಹಾಕಿಕೊಂಡ. ಆಟ ಶುರುವಾಯಿತು, ಶುರುವಾದ ಐದು ನಿಮಿಷಕ್ಕೆ ಅವನು ಚೆಂಡಿನ ಚಿಂತೆ ಮರೆತುಬಿಟ್ಟ. ಬರಿಗೈಗೆ ಚೆಂಡು ಬಡಿಯುವ ಸದ್ದು, ಬಡಿಸಿಕೊಂಡವನು ಕೈ ಕೊಡವುತ್ತ ಕುಣಿಯುವುದು, ಹುಲ್ಲಿನಲ್ಲಿ ಜಾರಿ ಬಿದ್ದ ಪಾದ್ರಿಯನ್ನು ಎರಡೂ ತಂಡದವರು ಎತ್ತಿ ನಿಲ್ಲಿಸುವುದು. ಇದನ್ನೆಲ್ಲ ನೋಡುತ್ತ ಅವನೊಳಗೆ ಚಿಕ್ಕಂದಿನ ಸಂತೋಷವೇ ಉಕ್ಕಿ ಬರುತ್ತಿತ್ತು. ಹೀಗೇ ಇದ್ದಿರಬೇಕು, ಹೀಗೇ, ಎಂದುಕೊಂಡ. ಜನರ ನಡುವೆ ಬೂದು ಕೂದಲಿನ, ಸಣ್ಣ ಕಾಯದ ಹೆಂಗಸೊಬ್ಬಳು ಟಿಪ್ಪಣಿ ಪುಸ್ತಕ ಹಿಡಿದು ಬಾಯಿ ತುಂಬ ನಗುತ್ತಿರುವುದು ಕಂಡಿತು. ಹೊಸಬಳು. ಅವಳೇ ಇರಬೇಕು. ಸಂತೋಷ ಅಲ್ಲಿಗೆ ಇಳಿಯಿತು.

ಆರನೆಯ ಸರದಿಯಲ್ಲಿ ಕಾರ್ನಿಯವನೊಬ್ಬ ಹೊಡೆದ ಚೆಂಡು ಎತ್ತರದ ಹುಲ್ಲಿನೊಳಗೆ ಹೋಗಿ ಬಿತ್ತು. ವೆಂಡೆಲ್ ಹೊಟ್ಟೆ ಎತ್ತಿಕೊಂಡು ಓಡಿ, ಹುಲ್ಲಿನಲ್ಲಿ ಮುಳುಗಿ, ಚೆಂಡನ್ನು ಎತ್ತಿ ಹಿಡಿದು ಮೇಲೆದ್ದ. ಹಿಡಿದದ್ದು ಯಾರಿಗೂ ಕಂಡಿರಲಿಲ್ಲ. ಇಂಥ ಹೊತ್ತಿನಲ್ಲಿ ಹಳೇ ನಿಯಮ ಒಂದೇ: ಅಂಪೈರು ಆಟಗಾರನನ್ನೇ ಕೇಳುತ್ತಾನೆ, ಅವನು ಹೇಳಿದ್ದೇ ತೀರ್ಪು. ಲೈಮನ್ ಎದ್ದು ನಿಂತು ಟೋಪಿ ತೆಗೆದ. ಊರಿಗೆಲ್ಲ ಸತ್ಯ ಹೇಳಿ ಎಂದು ಕೇಳಲು ಸಿಕ್ಕವನು ನಾನೇ, ಅನ್ನಿಸಿತು.

"ಸರ್, ಒಂದೇ ಪುಟಿತಕ್ಕೆ ಹಿಡಿದಿರಾ?"

ವೆಂಡೆಲ್ ಏದುಸಿರು ಬಿಡುತ್ತ ನಿಂತ. ಕಾರ್ನಿಯ ಇಬ್ಬರು ಓಟದಲ್ಲಿದ್ದರು, ಔಟಾದರೆ ಹ್ಯಾಡ್ರೆಲ್ ಮುಂದೆ. "ಎರಡು ಪುಟಿತ, ಸರ್," ಎಂದು ಕೂಗಿದ. "ಎರಡೂವರೆ ಅಂದ್ರೂ ತಪ್ಪಿಲ್ಲ."

ಮೈದಾನಕ್ಕೆ ಮೈದಾನವೇ ಕುಣಿಯಿತು. ಎರಡೂ ಕಡೆಯವರು ಟೋಪಿ ಹಾರಿಸಿದರು. ವೆಂಡೆಲ್ ತಾನೇ ಗೆದ್ದವನ ಹಾಗೆ ತಲೆಬಾಗಿದ. ಎಷ್ಟು ಸಲೀಸಾಗಿ ಹೇಳಿದ! ಒಂದು ಚೂರು ಯೋಚನೆ ಮಾಡಲಿಲ್ಲ. ಲೈಮನ್ ಮತ್ತೆ ಕೂತ; ಅವನಿಗೆ ಆ ಹಲ್ಲಿನ ಡಾಕ್ಟರ ಮೇಲೆ ಹೊಟ್ಟೆಕಿಚ್ಚಾಯಿತು. ಅವತ್ತು ಡೌ ಅಜ್ಜನನ್ನು ಯಾರಾದರೂ ಹೀಗೆ ಕೇಳಿದ್ದರೆ? ಬಹುಶಃ ಕೇಳಿದ್ದರೇನೋ. ಸಂಜೆಗತ್ತಲಾಗಿರಬೇಕು, ಗದ್ದಲವಾಗಿರಬೇಕು, ಗದ್ದಲದಲ್ಲಿ ಅವನು ಚೆಂಡನ್ನು ಕೋಟಿನೊಳಗೆ ತುರುಕಿಕೊಂಡು ನಡೆದುಬಿಟ್ಟಿರಬೇಕು. ಆಮೇಲೆ ಎಪ್ಪತ್ತು ವರ್ಷ ಅದನ್ನು ಎಸೆಯಲೂ ಆಗದೆ ತೋರಿಸಲೂ ಆಗದೆ ಬೂಟಿನಲ್ಲಿ ಇಟ್ಟುಕೊಂಡಿದ್ದ. ಆ ಮುದುಕನ ಮೇಲೆ ಅವನಿಗೆ ಕನಿಕರ ಬಂತು.

ಊಟ ಬೆಂಕಿ ಠಾಣೆಯ ಸಭಾಂಗಣದಲ್ಲಿ. ಬೇಯಿಸಿದ ಜೋಳದ ತೆನೆ, ಕಾಕಂಬಿ ಹಾಕಿ ಬೇಯಿಸಿದ ಬೀನ್ಸ್ ಕಾಳು, ಬ್ಲೂಬೆರಿ ಪೈ. ಎರಡು ಊರಿನವರೂ ಉದ್ದ ಮೇಜುಗಳಲ್ಲಿ ಬೆರೆತು ಕೂತರು. ನಯೋಮಿ ಸ್ಟ್ರಾಡ್ ಕೈ ತೊಳೆದು ಬಂದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಪೆಟ್ಟಿಗೆ ತೆರೆದಳು. ಎಲ್ಲರೂ ಸುತ್ತ ಬಂದು ನಿಂತರು, ಕೆಲವರು ಕೈಯಲ್ಲಿ ತೆನೆ ಹಿಡಿದೇ. ಆಕೆ ಚೆಂಡನ್ನು ಎತ್ತಿದ ರೀತಿ ಲೈಮನ್‌ಗೆ ಹಿಡಿಸಿತು. ಹಸುಗೂಸಿನ ತಲೆ ಹಿಡಿದ ಹಾಗೆ. ಹೊಲಿಗೆ ನೋಡಿದಳು, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು.

"ಚೆಂಡು ನಿಜವಾದ್ದೇ, ಪೆಲ್ಕಿಯವರೇ. ಸಾವಿರದ ಎಂಟುನೂರ ಅರವತ್ತರ ದಶಕದ್ದು, ಇದೇ ಕಣಿವೇಲಿ ಹೊಲಿದಿದ್ದು. ಇಂಥದ್ದು ನಾನು ನೋಡಿರೋದೇ ನಾಲ್ಕು." ಸಭಾಂಗಣದಲ್ಲಿ ಹೋ ಎಂಬ ಸದ್ದಾಯಿತು. ಆಕೆ ಲೆನ್ಸು ತೆಗೆದಳು. ಅಕ್ಷರಗಳ ಮೇಲೆ ಅದು ನಿಧಾನವಾಗಿ ಸಾಗಿ ಒಂದು ಕಡೆ ನಿಂತಿತು. "ಇವತ್ತು ಬೆಳಿಗ್ಗೆ ಊರೊಳಗೆ ಬಂದಾಗ ಕಬ್ಬಿಣದ ಅಂಗಡಿ ಬೋರ್ಡಲ್ಲಿ ಒಂದು ಆರ್ ಅಕ್ಷರ ನೋಡ್ದೆ. ಒಂದು ಕಾಲು ಮುಂದೆ ಚಾಚಿಕೊಂಡು ಆರಾಮಾಗಿ ಕೂತಿರೋ ಆರ್. ಕ್ಷೌರದ ಅಂಗಡೀಲೂ ಅದೇ ಆರ್. ಚರ್ಚಲ್ಲೂ ಅದೇ. ಹೊರಗಡೆ ನಿಂತಿರೋ ಕೆಂಪು ಬಂಡಿ ಮೇಲೂ." ಆಕೆ ತಲೆ ಎತ್ತಿ ಅವನನ್ನೇ ನೋಡಿದಳು. "ಇಲ್ಲೂ ಅದೇ ಆರ್ ಇದೆ."

ಮುಗಿಯಿತು ಅಂದುಕೊಂಡ ಲೈಮನ್. ಮೂವತ್ತೆರಡು ವರ್ಷ ಯಾವ ಕ್ಷಣಕ್ಕೆ ಹೆದರಿದ್ದನೋ ಅದು ಬಂತು, ಅರ್ಲೀನ್ ಎದುರಿಗೇ ಬಂತು. ಅವನು ಮೇಜಿನ ಅಂಚು ಹಿಡಿದುಕೊಂಡ.

"ಹೂಂ ಮತ್ತೆ, ಲೈಮನ್ ಬರೆದಿದ್ದು," ಎಂದ ವೆಂಡೆಲ್, ಪೈ ಅಗಿಯುತ್ತ. "ಇನ್ಯಾರು ಬರೀಬೇಕು?"

ಲೈಮನ್‌ಗೆ ಅರ್ಥವಾಗಲಿಲ್ಲ. "ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ನನ್ನ ಆಸ್ಪತ್ರೆ ಬಾಗಿಲ ಮೇಲೆ ನನ್ನ ಹೆಸರಲ್ಲಿ ಅದೇ ಆರ್ ಇದೆ. ದಿನಾ ಅದನ್ನ ನೋಡ್ಕೊಂಡೇ ಜನರ ಹಲ್ಲು ಕೀಳೋದು."

"ನನಗೂ ಗೊತ್ತಿತ್ತು," ಎಂದಿತು ಹಿಂದಿನಿಂದ ಒಂದು ದನಿ. "ಎಲ್ರಿಗೂ ಗೊತ್ತಿತ್ತಲ್ಲ?" ಎಂದಿತು ಇನ್ನೊಂದು. ಇಡೀ ಊರಿಗೆ ಗೊತ್ತಿತ್ತು! ಅವನು ಸುತ್ತ ತಿರುಗಿ ನೋಡಿದ. ಒಬ್ಬನ ಮುಖದಲ್ಲೂ ಸಿಟ್ಟಿಲ್ಲ, ಆಶ್ಚರ್ಯವೂ ಇಲ್ಲ. ಇಷ್ಟು ವರ್ಷ ಎದೆಯೊಳಗೆ ಹೊತ್ತು ತಿರುಗಿದ ಪಾಪವನ್ನು ಊರಿನವರು ಮಳೆ ಬಿಸಿಲಿನ ಹಾಗೆ ದಿನಾ ನೋಡಿಕೊಂಡು ಓಡಾಡಿದ್ದರು. ಅವನಿಗೆ ಮೊದಲು ಅವಮಾನವಾಯಿತು, ಬಟ್ಟೆಯಿಲ್ಲದೆ ಪೇಟೆ ಸುತ್ತಿದವನ ಹಾಗೆ. ಅರ್ಲೀನ್ ಪೈ ತಟ್ಟೆ ಕೆಳಗಿಟ್ಟಳು.

"ನನಗೆ ಮೊದಲನೇ ದಿನಾನೇ ಗೊತ್ತಾಯ್ತು ಕಣೋ, ಪೆದ್ದ. ನಲವತ್ತೆರಡು, ಮೂವತ್ತೇಳು. ಆ ವರ್ಷ ನಿನ್ನ ವಯಸ್ಸು, ನನ್ನ ವಯಸ್ಸು. ನಾನು ಊರೆಲ್ಲ ಮೂವತ್ತೈದು ಅಂತ ಹೇಳ್ಕೊಂಡು ತಿರುಗ್ತಿದ್ದೆ, ಇವನು ಚಿನ್ನದಲ್ಲಿ ಬರೆದು ನೇತುಹಾಕಿದ."

ಸಭಾಂಗಣವೆಲ್ಲ ನಕ್ಕಿತು, ನಕ್ಕು ನಕ್ಕು ಮೇಜು ಬಡಿಯಿತು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಅವನ ಕಣ್ಣಲ್ಲೂ. ಇಂಥ ಹಗುರ ಅವನಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ. "ಯಾಕೆ ಹೇಳಲಿಲ್ಲ?" ಎಂದ ಅವಳಿಗೆ ಮಾತ್ರ ಕೇಳುವ ಹಾಗೆ. "ನೀನು ಹೇಳ್ಲಿ ಅಂತ ಕಾಯ್ತಿದ್ದೆ," ಎಂದಳು ಅವಳು.

"ವಿಷಯ ಇಷ್ಟೇ ಮೇಡಂ," ಎಂದು ವೆಂಡೆಲ್ ನಯೋಮಿಗೆ ವಿವರಿಸಿದ. "ಹಳೇ ಅಕ್ಷರ ಮಾಸಿಹೋಗಿತ್ತು. ರನ್ನು ಎಷ್ಟು ಅಂತ ಕಾಣ್ತಿರ್ಲಿಲ್ಲ. ಇವನು ಮೇಲೆ ತಿದ್ದಿದ, ಕಾಣದ ಕಡೆ ತನಗೆ ತೋಚಿದ್ದು ಹಾಕಿದ. ಅದು ತಪ್ಪೇ, ಒಪ್ತೀವಿ. ಆದ್ರೆ ಗೆದ್ದಿದ್ದು ನಾವು ಅನ್ನೋದೇನೂ ಬದಲಾಗಲ್ಲವಲ್ಲ. ಅಲ್ವೇನೋ ಲೈಮನ್?"

ನಯೋಮಿ ಕೇಳಿದಳು: "ಕೆಳಗೆ ಹಳೇ ಅಕ್ಷರ ಇತ್ತಾ, ಪೆಲ್ಕಿಯವರೇ?"

ಹೂಂ ಅಂದರೆ ಸಾಕಿತ್ತು. ತಲೆ ಆಡಿಸಿದರೂ ಸಾಕಿತ್ತು. ಊರು ಆಗಲೇ ಅವನನ್ನು ಕ್ಷಮಿಸಿ ಪೈ ತಿನ್ನುತ್ತಿತ್ತು. ಇಷ್ಟು ದಿನ ಹೆದರಿದ್ದ ಸುಳ್ಳು ಸಣ್ಣ ಸುಳ್ಳಾಗಿ ಕರಗಿಹೋಗಿತ್ತು, ಅದರ ಹಿಂದೆ ನಿಂತಿದ್ದ ದೊಡ್ಡದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇದು ಅವನೊಬ್ಬನದೇ, ಇದನ್ನು ಹೇಳದಿದ್ದರೆ ಹೇಳುವವರು ಭೂಮಿಯ ಮೇಲೆ ಇನ್ನಾರೂ ಇಲ್ಲ. ಹೇಳಿದರೆ ಚೆಂಡು ಹೋಗುತ್ತದೆ. ಮ್ಯೂಸಿಯಮ್ಮಿಗಲ್ಲ, ಹೋಗಬೇಕಾದಲ್ಲಿಗೇ ಹೋಗುತ್ತದೆ. ನಾಳೆ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದರೆ ಆ ಮರದ ಪೆಟ್ಟಿಗೆ ಇರುವುದಿಲ್ಲ. ಊರಿನ ಗೆಲುವೂ ಇರುವುದಿಲ್ಲ. ಅವನ ನೋಟ ಮೇಜಿನಾಚೆ ಇದ್ದ ಬರ್ನಾಡೆಟ್ ಕಡೆ ಹೋಯಿತು. ಎಲ್ಲರ ಜೊತೆ ನಗುತ್ತಿದ್ದಳು, ಆದರೆ ಅವಳ ಕಣ್ಣು ಚೆಂಡಿನ ಮೇಲಿತ್ತು, ಬಿಟ್ಟು ಬಂದ ಮನೆಯ ಕಿಟಕಿಯನ್ನು ಬೀದಿಯಿಂದ ನೋಡುವವರ ಹಾಗೆ.

"ಇರಲಿಲ್ಲ," ಎಂದ ಲೈಮನ್. "ಖಾಲಿ ಇತ್ತು. ನಾಲ್ಕು ಕಡೇನೂ ಖಾಲಿ."

ನಗು ಒಂದೇ ಸಲ ನಿಲ್ಲಲಿಲ್ಲ. ಕೇಳಿಸದವರು ಇನ್ನೂ ನಗುತ್ತಿದ್ದರು. ನಯೋಮಿ ಲೆನ್ಸು ಕೆಳಗಿಟ್ಟಳು. ಖಾಲಿ ಎಂದರೆ ಏನೆಂದು ಆಕೆಗೆ ತಿಳಿದಿತ್ತು. ಆಕೆಯ ನಂತರ ಬರ್ನಾಡೆಟ್‌ಗೆ ತಿಳಿಯಿತು. ಅವಳ ಬಾಯಿ ಅರ್ಧ ತೆರೆದು ನಿಂತಿತು.

"ಗೆದ್ದವರು ಖಾಲಿ ಬಿಡಲ್ಲ," ಎಂದ ಅವನು ಗಟ್ಟಿಯಾಗಿ, ಎಲ್ಲರಿಗೂ ಕೇಳಲಿ ಎಂದು. "ಡೌ ಅಜ್ಜ ಇದನ್ನ ಬೂಟಿನೊಳಗೆ ಬಚ್ಚಿಟ್ಟಿದ್ದ, ಯಾರಿಗೂ ತೋರಿಸ್ತಿರಲಿಲ್ಲ. ನಾವು ಸೋತ್ವಿ. ಸೋತು, ಚೆಂಡು ಕೊಡದೆ ಎತ್ಕೊಂಡು ಬಂದ್ವಿ. ನನಗೆ ಅವಳ ಅಂಗಳದಲ್ಲೇ ಗೊತ್ತಾಗಿತ್ತು. ಗೊತ್ತಿದ್ದೇ ಬರೆದೆ."

"ಲೈಮನ್, ಸ್ವಲ್ಪ ನೀರು ಕುಡಿ," ಎಂದ ವೆಂಡೆಲ್.

"ನೀರು ಬೇಡ. ಸೋತ ತಂಡದ ನಾಯಕ ನೀನು. ಕೊಡಬೇಕಾದ್ದು ನೀನೇ."

ವೆಂಡೆಲ್ ಮುಖ ಕೆಂಪಾಯಿತು. ಗೋಡೆಯ ಮೇಲೆ ಅದೇ ಚೆಂಡಿನ ಚಿತ್ರ, ಅವನ ಅಂಗಿಯ ತೋಳಿನ ಮೇಲೂ ಅದೇ. ಅವನು ಊರಿನವರ ಮುಖ ನೋಡಿದ, ಊರಿನವರು ತಮ್ಮ ತಟ್ಟೆ ನೋಡಿಕೊಂಡರು. ಕಾರ್ನಿಯವರ ಮೇಜಿನಿಂದ ಯಾರೋ "ಎಷ್ಟು ಪುಟಿತ ಆಯ್ತು ಡಾಕ್ಟ್ರೇ?" ಎಂದು ಕೂಗಿದರು. ಅವನು ಒಂದು ಕ್ಷಣ ತಡೆದ, ಆಮೇಲೆ ತಡೆಯಲಾಗದೆ ನಕ್ಕುಬಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ನಯೋಮಿ ಬೆಚ್ಚಿ ಟವೆಲು ಕೊಟ್ಟಳು, ಮತ್ತೆ ಒರೆಸಿಕೊಂಡ. ಚೆಂಡನ್ನೆತ್ತಿ ಮೇಜು ಸುತ್ತಿ ಹೋಗಿ ಬರ್ನಾಡೆಟ್ ಮುಂದೆ ಹಿಡಿದ. "ಹ್ಯಾಡ್ರೆಲ್ ಕ್ಲಬ್ಬಿನ ಪರವಾಗಿ," ಎಂದು ಶುರುಮಾಡಿ ಮುಂದೆ ಏನು ಹೇಳಬೇಕೋ ತೋಚದೆ, "ತಡ ಆಯ್ತು, ಕ್ಷಮಿಸಿ," ಎಂದ. ಲೈಮನ್ ಟೋಪಿ ಎತ್ತಿ ಕೂಗಿದ. ಮೊದಲ ಜಯಕಾರ ಅವನದು, ಅರ್ಲೀನಳದು, ವೆಂಡೆಲ್‌ನದು. ಮೂರನೆಯದಕ್ಕೆ ಕಿಟಕಿ ಗಾಜು ಅದುರಿತು.

ಬರ್ನಾಡೆಟ್ ಬೆಂಚಿನ ಮೇಲೆ ಕೂತುಬಿಟ್ಟಿದ್ದಳು, ಚೆಂಡು ಮಡಿಲಲ್ಲಿ. "ನಮ್ಮಪ್ಪ ಪ್ರತಿ ವರ್ಷ ಇಲ್ಲಿಂದ ವಾಪಸ್ ಹೋಗ್ತಾ ಕಾರಲ್ಲಿ, ಗೆದ್ದಿದ್ದು ನಾವು ಅಂತಲೇ ಹೇಳೋನು," ಎಂದಳು. "ಸಾಯೋ ವರ್ಷಾನೂ ಹೇಳ್ದ. ನಾವು, ಇರ್ಲಿ ಬಿಡಪ್ಪ, ಅಂತ ನಗ್ತಿದ್ವಿ." ಮೂಗು ಒರೆಸಿಕೊಂಡಳು. ತಕ್ಷಣ ಹಳೇ ಬರ್ನಾಡೆಟ್ ಎದ್ದು ಬಂದಳು. "ಏ ಪೆಲ್ಕಿ! ಹೀಗೇ ತಗೊಂಡು ಹೋದ್ರೆ ನಮ್ಮೂರಲ್ಲಿ ಇದನ್ನ ಓದಿ ನನ್ನನ್ನೇ ಹೊಡೀತಾರೆ. ಗೆದ್ದವರಿಗೆ ಬರೆಸೋ ಹಕ್ಕಿದೆ ತಾನೆ? ಬರಿ."

ಎಲ್ಲರೂ ನಯೋಮಿ ಕಡೆ ತಿರುಗಿದರು. ಆಕೆ ಹಣೆ ಉಜ್ಜಿಕೊಂಡಳು. "ಹಳೇದನ್ನ ಅಳಿಸೋ ಹಾಗಿಲ್ಲ. ಆ ಸುಳ್ಳಿಗೂ ಈಗ ಮೂವತ್ತೆರಡು ವರ್ಷ, ಅದೂ ಚರಿತ್ರೆಯೇ ಆಯ್ತು. ಪಕ್ಕದ ಎಸಳು ಖಾಲಿ ಇದೆ. ಇವತ್ತಿನ ದಿನಾಂಕ ಹಾಕಿ ಬರೆಯೋದಾದ್ರೆ..." ಆಕೆ ಎದ್ದಳು. "ನಾನು ಆ ಕಡೆ ಪೈ ತಗೊಳ್ಳೋಕೆ ಹೋಗಿರ್ತೀನಿ. ನಾನೇನೂ ನೋಡಿಲ್ಲ."

ಅರ್ಲೀನ್ ಕಾರಿನಿಂದ ಕುಂಚದ ಪೆಟ್ಟಿಗೆ ತಂದುಕೊಟ್ಟಳು. ಲೈಮನ್ ಅಳಿಲುಗೂದಲಿನ ಸಣ್ಣ ಕುಂಚ ಆರಿಸಿದ, ಚಿನ್ನದ ಬಣ್ಣವನ್ನು ಕಲಕಿದ. ಆ ಅಕ್ಟೋಬರಿನಲ್ಲಿ ಉಸಿರು ಬಿಗಿಹಿಡಿದು ಬರೆದಿದ್ದ. ಈಗ ಇನ್ನೂರು ಜನ ಭುಜದ ಮೇಲೆ ಬಾಗಿ ನೋಡುತ್ತಿದ್ದರೂ, ಯಾರೋ ಕಿವಿಯ ಹತ್ತಿರ ತೆನೆ ಕಡಿಯುತ್ತಿದ್ದರೂ, ಅವನಿಗೆ ಉಸಿರು ಸರಾಗವಾಗಿತ್ತು. ಇಷ್ಟು ಸಂತೋಷದಿಂದ ಅವನು ಯಾವ ಬೋರ್ಡನ್ನೂ ಬರೆದಿರಲಿಲ್ಲ. ವೆಸ್ಟ್ ಕಾರ್ನಿ ಗೆದ್ದದ್ದು, ಆಗಸ್ಟ್ 15, 1868. ಹ್ಯಾಡ್ರೆಲ್ ಒಪ್ಪಿಸಿದ್ದು, ಆಗಸ್ಟ್ 17, 2019. ರನ್ನು ಎಷ್ಟು ಎಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಬರೆಯಲಿಲ್ಲ. ಕುಂಚ ಎತ್ತಿದ.

"ನಿನ್ನ ಹೆಸರು?" ಎಂದಳು ಬರ್ನಾಡೆಟ್.

"ಬೋರ್ಡು ಬರೆಯೋರು ಹೆಸರು ಹಾಕಲ್ಲಮ್ಮ."

"ಹಾಕು. ಮುಂದೆ ಯಾರೋ ಪಾಪದವರು ಇದನ್ನ ಬರೆದದ್ದು ಯಾರು ಅಂತ ಲೆನ್ಸ್ ಹಿಡ್ಕೊಂಡು ಊರೆಲ್ಲ ಅಲೀಬಾರದು."

ಹೌದಲ್ಲ ಅನ್ನಿಸಿತು. ಇಡೀ ಊರೇ ಅವನ ಅಕ್ಷರದಲ್ಲಿತ್ತು, ಎಲ್ಲಿಯೂ ಅವನ ಹೆಸರಿರಲಿಲ್ಲ. ಕೆಳಗೆ ಸಣ್ಣದಾಗಿ ಬರೆದ: ಬರೆದವನು ಲೈಮನ್ ಪೆಲ್ಕಿ, ಎರಡು ಸಲವೂ. ಬರ್ನಾಡೆಟ್ ಓದಿಕೊಂಡು ಚೆಂಡಿಗೆ ಕೈ ಚಾಚಿದಳು.

"ಒಣಗೋವರೆಗೂ ಯಾರೂ ಮುಟ್ಬೇಡಿ," ಎಂದ ಲೈಮನ್.

ನೂರೈವತ್ತೊಂದು ವರ್ಷ ಕಾದ ಊರಿನ ಹೆಂಗಸು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಣ್ಣ ಒಣಗುವುದನ್ನೇ ನೋಡುತ್ತ ನಿಂತಳು.